*ಇಂದಿನ ಧಮ್ಮ ಚಿಂತನೆ: ತೂಕ ಇಳಿಸುವವರಿಗೆ ಮಿತದ ಪಾಠ*



ನಮ್ಮ ಬಳಗದಲ್ಲಿ ಈಗ ಹಲವರು ತೂಕ ಇಳಿಸುತ್ತಿದ್ದಾರೆ. ಮೈಭಾರ ಹೆಚ್ಚಾಗಿ ಶುಗರ್, ಬಿಪಿ, ಮಂಡಿನೋವು ಬಂದವರಿಗೆ ಅದರಿಂದ ಒಳ್ಳೆಯದೇ ಆಗುತ್ತದೆ. ಆದರೆ ಇಳಿಸುವ ದಾರಿಯಲ್ಲೂ ದುಃಖವಿದೆ. ಅದನ್ನು ಮೊದಲೇ ಹೇಳುವವರು ಕಡಿಮೆ. ಇದನ್ನು ಯೋಚಿಸುವಾಗ ನಾನು ಎರಡು ಪ್ರಸಂಗಗಳನ್ನು ಜೊತೆಗಿಟ್ಟು ಓದುತ್ತೇನೆ.

*ಒಂದು.* ಕೋಸಲದ ರಾಜ ಪ್ರಸೇನಜಿತ ಹೊಟ್ಟೆ ಬಿರಿಯೆ ಉಂಡು, ಏದುಸಿರು ಬಿಡುತ್ತಾ ಬುದ್ಧರ ಬಳಿ ಬಂದ ಕಥೆ ಸಂಯುತ್ತ ನಿಕಾಯದಲ್ಲಿದೆ. ಬುದ್ಧರು ಅವನನ್ನು ಬೈಯಲಿಲ್ಲ, ಉಪವಾಸ ಮಾಡು ಎನ್ನಲೂ ಇಲ್ಲ. ಮಿತವಾಗಿ ಉಣ್ಣುವವನ ಬಗ್ಗೆ ಒಂದು ಗಾಥೆ ಹೇಳಿದರು. ಊಟದ ಹೊತ್ತಿಗೆ ಅದನ್ನು ನೆನಪಿಸಲು ರಾಜ ಸುದರ್ಶನನೆಂಬ ತರುಣನನ್ನು ನೇಮಿಸಿಕೊಂಡ. ಊಟ ಒಂದೇ ದಿನದಲ್ಲಿ ಇಳಿಯಲಿಲ್ಲ, ಕ್ರಮಕ್ರಮವಾಗಿ ಇಳಿಯಿತು.

*ಎರಡು.* ಇದೇ ಬುದ್ಧರು ಅದಕ್ಕೂ ಮೊದಲು ಆಹಾರ ಬಿಟ್ಟು ದೇಹ ದಂಡಿಸಿದ್ದರು. ಹೊಟ್ಟೆ ಮುಟ್ಟಿದರೆ ಬೆನ್ನುಮೂಳೆ ಕೈಗೆ ಸಿಗುತ್ತಿತ್ತು. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಇದನ್ನು ವಿವರವಾಗಿ ಬರೆದಿದ್ದಾರೆ. ಶಕ್ತಿಯೇ ಇಲ್ಲದ ದೇಹದಿಂದ ಜ್ಞಾನ ಸಿಗದು ಎಂದು ತಿಳಿದಾಗ ಗೌತಮರು ಸುಜಾತೆ ಕೊಟ್ಟ ಆಹಾರ ಉಂಡರು.

ಅತಿ ಆತುರದಲ್ಲಿ ತೂಕ ಇಳಿಸಿದಾಗ ನಮ್ಮ ದೇಹದಲ್ಲೂ ಇಂಥದ್ದೇ ಆಗುತ್ತದೆ. ಕೊಬ್ಬಿನ ಜೊತೆ ಮಾಂಸಖಂಡವೂ ಕರಗಿ ನಿಶ್ಶಕ್ತಿ ಬರುತ್ತದೆ. ಎರಡು ಮೂರು ತಿಂಗಳ ನಂತರ ಕೂದಲು ಉದುರಬಹುದು. ಪಿತ್ತಕೋಶದಲ್ಲಿ ಕಲ್ಲು ಆಗುವ ಸಾಧ್ಯತೆ ಹೆಚ್ಚುತ್ತದೆ. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರಿಗೆ ತಿಳಿಸದೆ ಊಟ ಇಳಿಸಿದರೆ ಶುಗರ್ ಕುಸಿದು ಪ್ರಜ್ಞೆ ತಪ್ಪುವ ಅಪಾಯವಿದೆ.

ಇನ್ನೊಂದು ಮಾತು. ತೂಕ ಇಳಿದಂತೆ ದೇಹ ಹಸಿವನ್ನು ಹೆಚ್ಚಿಸುತ್ತದೆ, ಶಕ್ತಿಯ ಖರ್ಚನ್ನು ಕಡಿಮೆ ಮಾಡುತ್ತದೆ. ಆದ್ದರಿಂದಲೇ ಎಷ್ಟೋ ಜನರಿಗೆ ಇಳಿದ ತೂಕ ಮತ್ತೆ ಏರುತ್ತದೆ. ಇದು ಕಾರಣ, ಪರಿಣಾಮದ ನಿಯಮ. ಪಾಪವಲ್ಲ, ಮನೋಬಲ ಇಲ್ಲದ್ದರ ಗುರುತೂ ಅಲ್ಲ. ಅದಕ್ಕಾಗಿ ಯಾರೂ ತಮ್ಮನ್ನು ತಾವು ಹಳಿದುಕೊಳ್ಳಬೇಕಾಗಿಲ್ಲ.

ಗೌತಮರು ಊಟ ಮಾಡಿದಾಗ ಏನಾಯಿತು ನೆನಪಿದೆಯೇ? ಜೊತೆಗಿದ್ದ ಐವರು ಪರಿವ್ರಾಜಕರು ಅವರನ್ನು ಬಿಟ್ಟು ಹೋದರು. ಇವತ್ತೂ ಹಾಗೆಯೇ. ಸಣ್ಣಗಾದಾಗ ಹೊಗಳುವವರು ತೂಕ ಮರಳಿದಾಗ ಮುಖ ತಿರುಗಿಸುತ್ತಾರೆ. ಆ ಐವರನ್ನು ಒಲಿಸಿಕೊಳ್ಳಲು ಗೌತಮರು ಮತ್ತೆ ಉಪವಾಸಕ್ಕೆ ಕೂರಲಿಲ್ಲ. ಉಂಡ ದೇಹದಲ್ಲೇ ಬೋಧಿ ಪಡೆದು, ಸಾರನಾಥಕ್ಕೆ ನಡೆದು ಹೋಗಿ, ಅವರಿಗೇ ಮೊದಲ ಉಪದೇಶ ಕೊಟ್ಟರು.

ನಮ್ಮ ಜನರಿಗೆ ಈ ವಿಷಯದಲ್ಲಿ ಇನ್ನೂ ಒಂದು ನೋವಿದೆ. ನಮ್ಮ ಅಜ್ಜ ಅಜ್ಜಿಯರು ತೆಳ್ಳಗಿದ್ದದ್ದು ಡಯಟ್ ಮಾಡಿ ಅಲ್ಲ, ಹೊಟ್ಟೆಗಿಲ್ಲದೆ. ಆ ಹಸಿವು ಕಂಡ ತಾಯಂದಿರು ಮಕ್ಕಳ ತಟ್ಟೆಗೆ ಇನ್ನೊಂದು ಮುದ್ದೆ, ಇನ್ನೊಂದು ರೊಟ್ಟಿ ಹಾಕಿದರೆ ಅದು ಅಜ್ಞಾನವಲ್ಲ, ಪ್ರೀತಿ. ಬೇಡವೆನ್ನುವಾಗ ಅವರ ಮನಸ್ಸು ನೋಯದಂತೆ ಹೇಳೋಣ. ಹಾಗೆಯೇ, ಮೊಟ್ಟೆ ಮಾಂಸ ಬಿಟ್ಟರೆ ಮೈ ಹಗುರ, ಮನಸ್ಸು ಶುದ್ಧ ಎನ್ನುವವರ ಮಾತಿಗೆ ಮರುಳಾಗಬೇಡಿ. ಅದು ಹೊಸ ಬಟ್ಟೆ ತೊಟ್ಟ ಹಳೆಯ ಮಡಿ ಮೈಲಿಗೆ. ತೂಕ ಇಳಿಸುವಾಗ ದೇಹಕ್ಕೆ ಪ್ರೋಟೀನ್ ಬೇಕೇ ಬೇಕು. ಮೊಟ್ಟೆ, ಮಾಂಸ, ಮೀನು, ಬೇಳೆ, ಕಾಳು, ಯಾವುದು ಕೈಗೆಟುಕುತ್ತದೋ ಅದನ್ನು ಉಣ್ಣಿ.

ಒಂದು ಎಚ್ಚರಿಕೆ: ಪ್ರಯತ್ನಿಸದೆ ತಾನಾಗಿ ತೂಕ ಇಳಿಯುತ್ತಿದ್ದರೆ ಖುಷಿಪಡಬೇಡಿ. ಟಿಬಿ, ಶುಗರ್, ಥೈರಾಯ್ಡ್ ಇರಬಹುದು. ಎರಡು ವಾರ ಮೀರಿದ ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ, ಮಾಡಿಸಿ.

*ಇಂದಿನ ಅಭ್ಯಾಸ:* ತೂಕ ಇಳಿಸುತ್ತಿರುವವರು ಈ ಮೂರು ಪ್ರಶ್ನೆ ಕೇಳಿಕೊಳ್ಳಿ.
1. ನಾನು ಇಳಿಸುತ್ತಿರುವುದು ಆರೋಗ್ಯಕ್ಕೋ, ಹೊಗಳಿಕೆಗೋ?
2. ವಾರಕ್ಕೆ ಅರ್ಧದಿಂದ ಒಂದು ಕಿಲೋ ಮೀರದಂತೆ, ನಿಧಾನವಾಗಿ ಇಳಿಸುತ್ತಿದ್ದೇನೆಯೇ?
3. ದುಡಿಯಲು, ಓದಲು, ಸಂಘದ ಕೆಲಸಕ್ಕೆ ಬರಲು ನನ್ನಲ್ಲಿ ಶಕ್ತಿ ಉಳಿದಿದೆಯೇ?

ಮೂರನೆಯದಕ್ಕೆ 'ಇಲ್ಲ' ಎಂದು ಉತ್ತರ ಬಂದರೆ ದಾರಿ ಮಧ್ಯಮ ಮಾರ್ಗದಿಂದ ಆಚೆ ಸರಿದಿದೆ ಎಂದರ್ಥ. ಡಾಕ್ಟರನ್ನು ಕಂಡು ಸರಿಪಡಿಸಿಕೊಳ್ಳಿ. ಉಳಿದವರು ಸುದರ್ಶನನಂತೆ ಜೊತೆಗಿರೋಣ: ನೆನಪಿಸೋಣ, ಅಣಕಿಸುವುದು ಬೇಡ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.