ರಂಧ್ರವುಳ್ಳ ಚರ್ಮದ ಗಡಿಯಾರ ಪಟ್ಟಿ: ಕೈಕೆಲಸದ ವಸ್ತುವಿಗೆ ವೆಚ್ಚ ನಿರ್ಧರಿಸುವ ಕ್ರಮ

ಸಣ್ಣ ಉದ್ದಿಮೆಗಳು ನಷ್ಟ ಅನುಭವಿಸುವುದು ಬೇಡಿಕೆಯ ಕೊರತೆಯಿಂದ ಮಾತ್ರವಲ್ಲ. ಕೈತುಂಬ ಆರ್ಡರು ಇದ್ದರೂ ವರ್ಷಾಂತ್ಯದಲ್ಲಿ ಲೆಕ್ಕ ಮುಗಿಸುವ ವೇಳೆಗೆ ಬಂಡವಾಳವೇ ಕರಗಿರುವ ಪ್ರಸಂಗಗಳು ಅಪರೂಪವಲ್ಲ. ಕಚ್ಚಾ ಸಾಮಗ್ರಿ ಮತ್ತು ಕೂಲಿಯನ್ನು ಕೂಡಿಸಿ, ಅದರ ಮೇಲೆ ಅಂದಾಜಿನ ಲಾಭ ಸೇರಿಸಿ ದರ ಒಪ್ಪಿಕೊಳ್ಳುವ ಪದ್ಧತಿಯೇ ಇದಕ್ಕೆ ಬಹುಪಾಲು ಕಾರಣ. ಈ ಪದ್ಧತಿಯ ದೋಷವನ್ನು ಅರಿಯಲು ಹಳೆಯ ಕ್ರೀಡಾ ಕೈಗಡಿಯಾರಗಳಿಗೆ ಕೈಯಿಂದ ತಯಾರಿಸುವ ರಂಧ್ರವುಳ್ಳ ಚರ್ಮದ ಪಟ್ಟಿ, ಅಂದರೆ ಪೇಟೆಯ ಮಾತಿನಲ್ಲಿ ವಾಚಿನ ಬೆಲ್ಟ್, ಉತ್ತಮ ನಿದರ್ಶನವಾಗಿದೆ.

ವಸ್ತುವಿನ ಹಿನ್ನೆಲೆ

ಈ ಬಗೆಯ ಪಟ್ಟಿಗೆ ‘ರ‍್ಯಾಲಿ ಪಟ್ಟಿ’ ಎಂಬ ಹೆಸರು ರೂಢಿಯಲ್ಲಿದೆ. 1960ರ ದಶಕದ ಮೋಟಾರು ಪಂದ್ಯಗಳ ಕಾಲದಲ್ಲಿ ಇದು ಜನಪ್ರಿಯವಾಯಿತು. 1963ರಲ್ಲಿ ಸ್ವಿಟ್ಜರ್ಲೆಂಡಿನ ಹೋಯರ್ ಸಂಸ್ಥೆಯ ಕರೆರಾ ಹಾಗೂ ರೋಲೆಕ್ಸ್ ಸಂಸ್ಥೆಯ ಡೇಟೋನಾ ಗಡಿಯಾರಗಳು ಮಾರುಕಟ್ಟೆಗೆ ಬಂದವು. ಮೆಕ್ಸಿಕೋ ದೇಶದಲ್ಲಿ 1950ರಿಂದ 1954ರವರೆಗೆ ನಡೆದ ಕರೆರಾ ಪನಾಮೆರಿಕಾನಾ ಪಂದ್ಯದಿಂದ ಮೊದಲನೆಯದರ ಹೆಸರು ಬಂದಿದೆ. ಚಾಲಕರ ಕೈಗವಸಿನಲ್ಲಿರುವಂತೆ ಪಟ್ಟಿಯಲ್ಲಿಯೂ ರಂಧ್ರಗಳಿದ್ದರೆ ಗಾಳಿಯಾಡುತ್ತದೆ, ಬೆವರು ಬೇಗ ಆರುತ್ತದೆ.

ಚರ್ಮಕ್ಕೆ ಬದಲಾಗಿ ಅಮೆರಿಕದ ಡ್ಯುಪಾಂಟ್ ಸಂಸ್ಥೆಯು 1960ರ ದಶಕದಲ್ಲಿ ಕಾರ್ಫಾಮ್ ಎಂಬ ಕೃತಕ ಚರ್ಮವನ್ನು ತಂದಿತು. ಮುಖ್ಯವಾಗಿ ಪಾದರಕ್ಷೆಗಾಗಿ ರೂಪಿಸಿದ ಈ ವಸ್ತುವನ್ನು ಗಡಿಯಾರ ಪಟ್ಟಿಗೂ ಬಳಸಲಾಯಿತು. ಕಾಲಿನ ಆಕಾರಕ್ಕೆ ಹೊಂದಿಕೊಳ್ಳದ ಕಾರಣ ಪಾದರಕ್ಷೆಯ ಗ್ರಾಹಕರು ಅದನ್ನು ಒಪ್ಪಲಿಲ್ಲ. 1971ರಲ್ಲಿ ಸಂಸ್ಥೆಯು ಅದನ್ನು ಕೈಬಿಟ್ಟಿತು. ಬಳಸಿದಂತೆ ಮೈಗೆ ಹೊಂದುವ ನಿಜವಾದ ಚರ್ಮದ ಗುಣಕ್ಕೆ ಇಂದಿಗೂ ಬೆಲೆಯಿದೆ.

ಕೈಕೆಲಸಕ್ಕೆ ಅವಕಾಶ ಎಲ್ಲಿ?

ಪಟ್ಟಿಯ ತುದಿಯು ಗಡಿಯಾರದ ಎರಡು ಕೊಂಬುಗಳ ನಡುವೆ ಕೂರಬೇಕು. ಈ ಅಂತರವು ಹಳೆಯ ಗಡಿಯಾರಗಳಲ್ಲಿ ಒಂದೇ ಸಮನಾಗಿಲ್ಲ. 1963ರ ಕರೆರಾದಲ್ಲಿ ಅದು 18 ಮಿ.ಮೀ., ಅದೇ ಕಾಲದ ಡೇಟೋನಾದಲ್ಲಿ 19 ಮಿ.ಮೀ. ಒಮೆಗಾ ಸ್ಪೀಡ್‌ಮಾಸ್ಟರಿನ 1957ರ ಮೊದಲ ಮಾದರಿಯಲ್ಲಿ 19 ಮಿ.ಮೀ. ಇದ್ದು, ನಂತರದ ಮಾದರಿಗಳಲ್ಲಿ 20 ಮಿ.ಮೀ.ಗೆ ಏರಿತು. ಇದಲ್ಲದೆ ಮುಂಗೈ ಸುತ್ತಳತೆ, ಚರ್ಮದ ದಪ್ಪ, ಬಣ್ಣ, ರಂಧ್ರಗಳ ವಿನ್ಯಾಸ ಎಲ್ಲವೂ ಗ್ರಾಹಕನಿಂದ ಗ್ರಾಹಕನಿಗೆ ಬದಲಾಗುತ್ತವೆ. ಪ್ರತಿಯೊಂದು ಅಳತೆಗೂ ಪ್ರತ್ಯೇಕ ಡೈ ಮಾಡಿಸುವುದು ದೊಡ್ಡ ಕಾರ್ಖಾನೆಗೆ ಕಟ್ಟುಬೀಳುವುದಿಲ್ಲ. ಆ ಸ್ಥಾನವೇ ಸಣ್ಣ ಉತ್ಪಾದಕನದು. ಆದುದರಿಂದ ಅವನು ಸ್ಪರ್ಧಿಸಬೇಕಾದುದು ಅಳತೆಯಲ್ಲಿ ಮತ್ತು ಅಚ್ಚುಕಟ್ಟುತನದಲ್ಲಿ. ಕಾರ್ಖಾನೆಯ ದರದೊಡನೆ ಅಲ್ಲ.

ತಯಾರಿಕೆಯ ಹಂತಗಳು

ಮೊದಲು ಚರ್ಮವನ್ನು ಕತ್ತರಿಸಿ, ಅಂಚನ್ನು ತೆಳುವಾಗಿ ಹೆರೆದು, ಪಂಚಿನಿಂದ ರಂಧ್ರ ಹೊಡೆಯಲಾಗುತ್ತದೆ. ಅನಂತರ ಒಳಪದರ ಅಂಟಿಸಿ, ಹೊಲಿದು, ಅಂಚಿಗೆ ಬಣ್ಣ ಬಳಿದು ಉಜ್ಜಿ ನಯಗೊಳಿಸಬೇಕು. ಕೊನೆಯಲ್ಲಿ ಬಕಲ್ ಕೂರಿಸಲಾಗುತ್ತದೆ. ಇವುಗಳಲ್ಲಿ ರಂಧ್ರ ಹೊಡೆಯುವ ಹಂತವೇ ಸೂಕ್ಷ್ಮ. ಸಾಲು ಕೂದಲೆಳೆಯಷ್ಟು ಓರೆಯಾದರೂ ಕಣ್ಣಿಗೆ ಹೊಡೆಯುತ್ತದೆ. ರಂಧ್ರವು ಅಂಚಿಗೆ ಹತ್ತಿರವಾದರೆ ಪಟ್ಟಿ ಹರಿಯುತ್ತದೆ. ಹೊಡೆದ ರಂಧ್ರವನ್ನು ಮುಚ್ಚಲು ಬರುವುದಿಲ್ಲ. ಪಟ್ಟಿ ತಿರಸ್ಕೃತವಾದರೆ ಅಲ್ಲಿಯವರೆಗೆ ಹಾಕಿದ ಚರ್ಮವೂ ಕೂಲಿಯೂ ವ್ಯರ್ಥ.

ಲೆಕ್ಕದ ಒಂದು ಉದಾಹರಣೆ

ಕೆಳಗಿನ ಅಂಕಿಗಳು ವಿಧಾನವನ್ನು ತೋರಿಸಲು ಇಟ್ಟುಕೊಂಡವು. ಪ್ರತಿಯೊಬ್ಬರೂ ತಮ್ಮ ಅಂಕಿಗಳನ್ನು ಇಲ್ಲಿ ಸೇರಿಸಿಕೊಳ್ಳಬಹುದು.

ಚರ್ಮದ ದರ ಚದರ ಅಡಿಗೆ 200 ರೂ. ಎಂದೂ, ಒಂದು ಪಟ್ಟಿಗೆ ಒಳಪದರವೂ ಸೇರಿ 100 ಚದರ ಸೆಂ.ಮೀ. ಚರ್ಮ ಬೇಕೆಂದೂ ಇಟ್ಟುಕೊಂಡರೆ, 929 ಚದರ ಸೆಂ.ಮೀ. ಇರುವ ಒಂದು ಚದರ ಅಡಿಯಲ್ಲಿ 9 ಪಟ್ಟಿಗಳು ಬರುವಂತೆ ತೋರುತ್ತದೆ. ಆ ಪ್ರಕಾರ ಚರ್ಮದ ವೆಚ್ಚ 22 ರೂ. ಆದರೆ ಹೊಟ್ಟೆಯ ಭಾಗದ ಸಡಿಲು, ಗಾಯದ ಕಲೆ, ಕತ್ತರಿಸುವಾಗ ಉಳಿಯುವ ತುಂಡುಗಳನ್ನು ಬಿಟ್ಟು ಶೇ. 60 ಮಾತ್ರ ಉಪಯುಕ್ತವಾದರೆ 5 ಪಟ್ಟಿಗಳಷ್ಟೇ ಬರುತ್ತವೆ. ವೆಚ್ಚ 40 ರೂ.

ಕೂಲಿ ಗಂಟೆಗೆ 120 ರೂ. ಎಂದಾದರೆ, ರಂಧ್ರ ಹೊಡೆಯುವವರೆಗಿನ 1 ಗಂಟೆಗೆ 120 ರೂ., ಹೊಲಿಗೆ ಮತ್ತು ಅಂಚಿನ ಒಂದೂವರೆ ಗಂಟೆಗೆ 180 ರೂ. ಬಕಲ್, ಪಿನ್ನು, ಪ್ಯಾಕಿಂಗ್ ಇತ್ಯಾದಿಗೆ 90 ರೂ. ಒಟ್ಟು ನೇರ ವೆಚ್ಚ 430 ರೂ.

100 ಪಟ್ಟಿಗಳನ್ನು ಆರಂಭಿಸಿದರೆ 15 ತಿರಸ್ಕೃತವಾಗುತ್ತವೆ ಎಂದಿಟ್ಟುಕೊಂಡರೆ, ಆ ನಷ್ಟವನ್ನು ಉಳಿದ 85 ಪಟ್ಟಿಗಳು ಹೊರಬೇಕು. ಹೊಲಿಗೆ ಮತ್ತು ಬಣ್ಣ ಮುಗಿದ ಮೇಲೆ ದೋಷ ಪತ್ತೆಯಾದರೆ ತಲಾ 340 ರೂ.ಗಳಂತೆ 5,100 ರೂ. ನಷ್ಟ, ಪ್ರತಿ ಒಳ್ಳೆಯ ಪಟ್ಟಿಯ ಮೇಲೆ 60 ರೂ. ಹೊರೆ. ರಂಧ್ರ ಹೊಡೆದ ತಕ್ಷಣವೇ ಪರಿಶೀಲಿಸಿದರೆ ತಲಾ 160 ರೂ.ಗಳಂತೆ 2,400 ರೂ. ನಷ್ಟ, ಹೊರೆ ಸುಮಾರು 28 ರೂ. ಪರಿಶೀಲನೆಯ ಜಾಗವನ್ನು ಬದಲಿಸಿದ ಮಾತ್ರಕ್ಕೆ ಪಟ್ಟಿಯೊಂದಕ್ಕೆ 32 ರೂ. ಉಳಿತಾಯವಾಯಿತು.

ಇನ್ನು ಬಾಡಿಗೆ, ವಿದ್ಯುತ್, ಪಂಚಿನ ಮೊನೆ ಹರಿತಗೊಳಿಸುವುದು, ಛಾಯಾಚಿತ್ರ, ಅಂಚೆ ಮುಂತಾದ ಮೇಲ್ವೆಚ್ಚ ತಿಂಗಳಿಗೆ 12,750 ರೂ. ಎಂದರೆ 85 ಪಟ್ಟಿಗಳಿಗೆ ತಲಾ 150 ರೂ. ಹೀಗೆ ನಿಜವಾದ ವೆಚ್ಚವು ಮೊದಲೇ ಪರಿಶೀಲಿಸಿದರೆ 608 ರೂ., ಕೊನೆಯಲ್ಲಿ ಪರಿಶೀಲಿಸಿದರೆ 640 ರೂ.

ಇತ್ತ ಹಳೆಯ ಪದ್ಧತಿಯವರು ಚರ್ಮ 22, ಕೂಲಿ 300, ಇತರೆ 90, ಒಟ್ಟು 412 ರೂ. ಎಂದು ಎಣಿಸಿ, 600 ರೂ.ಗೆ ಒಪ್ಪಿ, 188 ರೂ. ಲಾಭವೆಂದು ಸಂತೋಷಪಡುತ್ತಾರೆ. ವಾಸ್ತವದಲ್ಲಿ ಪಟ್ಟಿಯೊಂದಕ್ಕೆ 40 ರೂ.ಗಳಂತೆ 85 ಪಟ್ಟಿಗಳಿಗೆ 3,400 ರೂ. ಕೈಬಿಟ್ಟಿರುತ್ತದೆ. ಆರ್ಡರು ದೊಡ್ಡದಾದಷ್ಟೂ ನಷ್ಟವೂ ದೊಡ್ಡದು. ಮಾಲೀಕನು ತಾನೇ ಕುಳಿತು ಹೊಲಿದು, ತನ್ನ ದುಡಿಮೆಗೆ ಕೂಲಿ ಹಾಕಿಕೊಳ್ಳದಿದ್ದರೆ ಈ ನಷ್ಟವು ಪುಸ್ತಕದಲ್ಲಿ ಕಾಣಿಸದೆ ಮನೆಯ ಖರ್ಚಿನಲ್ಲಿ ಕಾಣಿಸಿಕೊಳ್ಳುತ್ತದೆ.

ಮತ್ತೊಂದು ಅಂಶವೂ ಗಮನಾರ್ಹ. 608 ರೂ. ವೆಚ್ಚದ ಮೇಲೆ ಶೇ. 20 ಸೇರಿಸಿದರೆ ಸುಮಾರು 730 ರೂ.; ಮಾರಾಟ ಬೆಲೆಯ ಶೇ. 20 ಲಾಭ ಬೇಕಿದ್ದರೆ 760 ರೂ. ಇಡಬೇಕು. ಮಧ್ಯವರ್ತಿಯು ರಿಯಾಯಿತಿ ಕೇಳುವುದು ಮಾರಾಟ ಬೆಲೆಯ ಮೇಲೆ. ಆದ್ದರಿಂದ ಈ ಎರಡರ ವ್ಯತ್ಯಾಸವನ್ನು ಮರೆಯಬಾರದು.

ಲೆಕ್ಕಪತ್ರ ಮತ್ತು ಕಾನೂನಿನ ಅಂಶಗಳು

1. ಲೆಕ್ಕಪತ್ರ ಮಾನದಂಡ 2ರ ಪ್ರಕಾರ ಅಸಹಜ ವ್ಯರ್ಥವನ್ನು ದಾಸ್ತಾನಿನ ಮೌಲ್ಯದಲ್ಲಿ ಸೇರಿಸುವಂತಿಲ್ಲ. ಅದನ್ನು ಆ ಅವಧಿಯ ಖರ್ಚೆಂದೇ ಬರೆಯಬೇಕು. ಸಹಜ ಮತ್ತು ಅಸಹಜ ನಷ್ಟವನ್ನು ಬೇರ್ಪಡಿಸಲು ತಿರಸ್ಕೃತ ಪಟ್ಟಿಗಳ ಪ್ರತ್ಯೇಕ ವಹಿ ಅವಶ್ಯಕ.

2. ಸುಂಕ ವರ್ಗೀಕರಣದಲ್ಲಿ ಗಡಿಯಾರ ಪಟ್ಟಿಯು ಚರ್ಮದ್ದಾದರೂ 42ನೇ ಅಧ್ಯಾಯಕ್ಕೆ ಸೇರದೆ 9113ನೇ ಶೀರ್ಷಿಕೆಗೆ ಸೇರುತ್ತದೆ. ಸೊಂಟದ ಬೆಲ್ಟಿನ ಶೀರ್ಷಿಕೆಯನ್ನು ಇದಕ್ಕೂ ಬರೆಯುವುದು ತಪ್ಪು.

3. 2017ರ ಜುಲೈ 1ರಂದು ಜಾರಿಗೆ ಬಂದ ಜಿಎಸ್‌ಟಿ ವ್ಯವಸ್ಥೆಯಲ್ಲಿ ರಫ್ತು ಶೂನ್ಯ ದರದ ಪೂರೈಕೆಯಾಗಿದೆ. ಖರೀದಿಯ ಮೇಲೆ ತೆತ್ತ ತೆರಿಗೆಯ ಮರುಪಾವತಿಯನ್ನು ಕೇಳದೆ ಬಿಟ್ಟರೆ ಅದೂ ವೆಚ್ಚವೇ ಆಗುತ್ತದೆ.

4. ಐರೋಪ್ಯ ಒಕ್ಕೂಟವು 2015ರ ಮೇ 1ರಿಂದ, ಮೈಗೆ ತಾಗುವ ಚರ್ಮದ ವಸ್ತುಗಳಲ್ಲಿ ಆರು ವೇಲೆನ್ಸಿಯ ಕ್ರೋಮಿಯಂ ಪ್ರಮಾಣ ಕಿಲೋಗ್ರಾಂಗೆ 3 ಮಿಲಿಗ್ರಾಂ ಮುಟ್ಟುವಂತಿಲ್ಲ ಎಂದು ವಿಧಿಸಿದೆ. ಬಕಲಿನಿಂದ ನಿಕ್ಕಲ್ ಹೊರಸೂಸುವುದಕ್ಕೂ ಮಿತಿಯಿದೆ. ಚರ್ಮ ಕೊಳ್ಳುವಾಗಲೇ ಹದಗಾರರಿಂದ ಪರೀಕ್ಷಾ ವರದಿ ಪಡೆಯುವುದು ಕ್ಷೇಮ.

5. ಗ್ರಾಹಕರು ಕೇಳಿದರೂ ಪಟ್ಟಿಯ ಮೇಲಾಗಲಿ ಬಕಲಿನ ಮೇಲಾಗಲಿ ಗಡಿಯಾರ ಸಂಸ್ಥೆಯ ಹೆಸರನ್ನು ಅನುಮತಿಯಿಲ್ಲದೆ ಮುದ್ರಿಸಕೂಡದು. 1999ರ ವ್ಯಾಪಾರ ಚಿಹ್ನೆಗಳ ಕಾಯಿದೆಯಡಿ ಇದು ಅಪರಾಧ.

ಉಪಸಂಹಾರ

ಬೆಂಗಳೂರಿನಲ್ಲಿ 1961ರಲ್ಲಿ ಆರಂಭವಾದ ಎಚ್‌ಎಂಟಿ ಕೈಗಡಿಯಾರ ತಯಾರಿಕೆಯನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ಆದರೂ ಆ ಗಡಿಯಾರಗಳನ್ನು ಜತನದಿಂದ ಕಟ್ಟಿಕೊಳ್ಳುವವರು ಇದ್ದಾರೆ. ಗಡಿಯಾರ ಹಳೆಯದಾದಷ್ಟೂ ಅದಕ್ಕೊಪ್ಪುವ ಪಟ್ಟಿ ಮಾಡುವವರ ಅಗತ್ಯ ಉಳಿಯುತ್ತದೆ. ಕೌಶಲ್ಯವಿರುವ ಉತ್ಪಾದಕನು ಆರ್ಡರನ್ನು ಒಪ್ಪುವ ಮುನ್ನ ಉಪಯುಕ್ತ ಚರ್ಮವೆಷ್ಟು, ತಗಲುವ ಗಂಟೆಗಳೆಷ್ಟು, ತಿರಸ್ಕೃತವಾಗುವುದೆಷ್ಟು, ಮೇಲ್ವೆಚ್ಚವೆಷ್ಟು ಎಂಬ ನಾಲ್ಕು ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಬರೆದುಕೊಳ್ಳಬೇಕು. ಆ ಉತ್ತರಕ್ಕಿಂತ ಕಡಿಮೆ ದರ ಕೇಳುವ ಆರ್ಡರನ್ನು ವಿನಯದಿಂದ ಬಿಟ್ಟುಕೊಡುವುದೂ ವ್ಯಾಪಾರದ ಜಾಣ್ಮೆಯೇ.