ಮಲ್ಲೇಶ್ವರದ ಹಳೆ ಮನೆ: ಬಿಲ್ಡರ್‌ಗೆ ಕೊಡಲೇ?

ಅಮ್ಮಾ, ಅಕ್ಕಪಕ್ಕದ ಮನೆಗಳೆಲ್ಲ ಅಪಾರ್ಟ್‌ಮೆಂಟ್ ಆಗುತ್ತಿರುವಾಗ ನಿಮ್ಮ ಕಳವಳ ಸಹಜ. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 65 ಲಕ್ಷವಿತ್ತು, 2011ಕ್ಕೆ 96 ಲಕ್ಷ. ಹಳೆ ಬಡಾವಣೆಗಳ ಮೇಲೆ ಒತ್ತಡ ಬೀಳದೆ ಇರುವುದಿಲ್ಲ. ಹಾಗೆಂದು ಅವಸರಪಟ್ಟು ಸಹಿ ಹಾಕಬೇಡಿ.

ಗೋಡೆ ತೇವ ಹಿಡಿದು ಉದುರುತ್ತಿದೆ ಎಂದಿದ್ದೀರಿ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿಯುತ್ತದೆ. ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ. ಸಿಮೆಂಟ್ ಕೆತ್ತಿಸಿ ಮತ್ತೆ ಗಾರೆ ಹಾಕಿಸಿದರೆ ಮನೆ ಉಳಿಯಬಹುದು. ನನಗಂತೂ ಅದೇ ಇಷ್ಟ.

ಕೊಡಲೇಬೇಕೆಂದರೆ ಜಂಟಿ ಅಭಿವೃದ್ಧಿ ಕರಾರು ನೋಂದಣಿಯಾಗಲಿ. ನಿಮ್ಮ ಫ್ಲ್ಯಾಟ್ ಯಾವುದು, ಮುಗಿಸುವ ಗಡುವು, ಅಲ್ಲಿಯವರೆಗಿನ ಬಾಡಿಗೆ ಎಲ್ಲವೂ ಬರಹದಲ್ಲಿರಲಿ. ಮಗಳನ್ನೂ ಕೇಳಿ. ಮನೆ ಯಜಮಾನರ ಸ್ವಯಾರ್ಜಿತವಾಗಿದ್ದು, ಅವರು ಉಯಿಲು ಬರೆಯದೆ ತೀರಿಕೊಂಡಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ನಿಮಗೂ ಮಗನಿಗೂ ಇರುವಷ್ಟೇ ಪಾಲು ಆಕೆಗೂ ಇದೆ.