ಬ್ಯಾರನ್‌ವರೆಗೂ ವೈಫೈ

ನಮ್ಮ ಕಡೆ ಮನೆಗೆ ಫೈಬರ್ ಎಳೆಯಲು ಬರುವ ಹುಡುಗರದು ಒಂದೇ ಲೆಕ್ಕ. ಬೀದಿ ಕಂಬಕ್ಕೆ ಹತ್ತಿರದ ಗೋಡೆ ಯಾವುದೋ ಅದಕ್ಕೆ ಎರಡು ಸ್ಕ್ರೂ ಹೊಡೆದು ಡಬ್ಬ ತೂಗುಹಾಕಿ, ಮೊಬೈಲಿನಲ್ಲಿ ಒಂದು ವಿಡಿಯೊ ಓಡಿಸಿ ತೋರಿಸಿ, ಮುಂದಿನ ಮನೆಗೆ ಹೋಗುವುದು. ಹಾಗಾಗಿ ಹುಣಸೂರು, ಪಿರಿಯಾಪಟ್ಟಣದ ಹಳ್ಳಿಗಳಲ್ಲಿ ಯಾರ ಮನೆಗೆ ಹೋದರೂ ಆ ಡಬ್ಬ ಪಡಸಾಲೆಯಲ್ಲಿ, ಟಿವಿಯ ಪಕ್ಕದಲ್ಲೇ ಮಿಣುಕುತ್ತಿರುತ್ತದೆ. ಮನೆಯೋ ಬೀದಿಯಿಂದ ಹಿತ್ತಿಲವರೆಗೆ ಉದ್ದಕ್ಕೆ ಬೆಳೆದಿರುತ್ತದೆ. ಹಳೆಯ ಭಾಗಕ್ಕೆ ಮೊಳದಗಲದ ಮಣ್ಣಿನ ಗೋಡೆ, ಆಮೇಲೆ ಕಟ್ಟಿದ ರೂಮುಗಳಿಗೆ ಕಾಂಕ್ರೀಟು, ಅದರಾಚೆ ತಗಡಿನ ಶೀಟು ಹೊದಿಸಿದ ಕೊಟ್ಟಿಗೆ, ಹೊಗೆಸೊಪ್ಪು ಬೆಳೆಯುವವರಾದರೆ ಅದಕ್ಕೂ ಹಿಂದೆ ಸೊಪ್ಪು ಒಣಗಿಸುವ ಬ್ಯಾರನ್. ಇಷ್ಟನ್ನೆಲ್ಲ ದಾಟಿ ಹೋಗುವ ಶಕ್ತಿ ಆ ಡಬ್ಬದ ವೈಫೈಗೆ ಇಲ್ಲ. ಅಡುಗೆಮನೆ ಹೊತ್ತಿಗೆ ಸುಸ್ತಾಗುತ್ತದೆ.

ಆಗ ಯಾರಾದರೊಬ್ಬರು ಮೈಸೂರಿಗೆ ಹೋದಾಗ ಇನ್ನೊಂದು ರೂಟರ್ ತರುತ್ತಾರೆ. ಅಂಗಡಿಯವನು ‘ವೈರ್ ಚುಚ್ಚಿದ್ರೆ ಆಯ್ತು ಸಾರ್’ ಎಂದಿರುತ್ತಾನೆ. ಚುಚ್ಚಿದ ಮೇಲೆ ನನಗೆ ಫೋನ್ ಬರುತ್ತದೆ. ಹುಣಸೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವುದು ನನ್ನ ಕೆಲಸ. ನೆಂಟರಿಷ್ಟರ ಪ್ರಕಾರ ನಾಲ್ಕು ತಾಲ್ಲೂಕಿನಲ್ಲಿ ಎಲ್ಲಿ ನೆಟ್ ನಿಂತರೂ ನಾನೇ ಹೊಣೆ.

ಗೋಡೆಯ ಮೇಲಿನ ಆ ಡಬ್ಬವನ್ನು ಎಲ್ಲರೂ ಮೋಡೆಮ್ ಎನ್ನುತ್ತಾರೆ. ಅದು ಒಳಗೊಳಗೆ ಮೂರು ಕೆಲಸ ಮಾಡುತ್ತದೆ. ಫೈಬರಿನಲ್ಲಿ ಬರುವ ಬೆಳಕನ್ನು ವೈರಿನ ಸಂಕೇತವಾಗಿ ಬದಲಿಸುವುದು ಒಂದು. ಮನೆಯೊಳಗಿನ ಫೋನು, ಟಿವಿ, ಲ್ಯಾಪ್‌ಟಾಪುಗಳಿಗೆ ಒಂದೊಂದು ವಿಳಾಸ ಹಂಚಿ, ಎಲ್ಲರ ಬೇಡಿಕೆಯನ್ನು ಒಂದೇ ದಾರಿಯಲ್ಲಿ ಹೊರಗೆ ಕಳಿಸುವುದು ಇನ್ನೊಂದು. ವೈಫೈ ಬೀರುವುದು ಮೂರನೆಯದು. ಹೊಸದಾಗಿ ತಂದ ರೂಟರ್‌ಗೂ ಕೊನೆಯ ಎರಡು ಕೆಲಸ ಬರುತ್ತದೆ. ವಿಳಾಸ ಹಂಚುವವರು ಯಾರು ಎಂಬುದನ್ನು ವೈರ್ ಚುಚ್ಚುವ ಮೊದಲೇ ತೀರ್ಮಾನಿಸಬೇಕು. ನಾನು ಕಂಡ ತಾಪತ್ರಯಗಳಲ್ಲಿ ಬಹುಪಾಲು ಈ ತೀರ್ಮಾನ ಆಗದೆ ಉಳಿದದ್ದರಿಂದ ಹುಟ್ಟಿದವು.

ಹಿಂದೆ ಈ ಗೊಂದಲ ಇರಲಿಲ್ಲ. 2005ರಲ್ಲಿ ಬಿಎಸ್‌ಎನ್‌ಎಲ್ ಡಾಟಾಒನ್ ಶುರುವಾದ ಕಾಲದಲ್ಲಿ ಬ್ರಾಡ್‌ಬ್ಯಾಂಡ್ ಬರುತ್ತಿದ್ದುದು ಫೋನಿನ ತಾಮ್ರದ ತಂತಿಯಲ್ಲೇ. ಒಂದು ಸ್ಪ್ಲಿಟರ್, ಒಂದು ಮೋಡೆಮ್, ಒಂದು ಕಂಪ್ಯೂಟರ್, ಮುಗಿಯಿತು. ಮೋಡೆಮ್ ರೀಸೆಟ್ ಆದರೆ ವಿಪಿಐ 0, ವಿಸಿಐ 35 ಎಂದು ತುಂಬಬೇಕು ಎಂಬುದು ನನಗೆ ಮಗ್ಗಿಯ ಹಾಗೆ ಬಾಯಿಪಾಠವಾಗಿತ್ತು. ಆಮೇಲೆ ಮೋಡೆಮಿನೊಳಗೇ ರೂಟರ್ ಸೇರಿತು, ವೈಫೈಯೂ ಸೇರಿತು. ಡಬ್ಬ ಒಂದೇ ಆಯಿತು, ಒಳಗೆ ಯಾರು ಯಾರಿದ್ದಾರೆ ಎಂಬುದು ಜನಕ್ಕೆ ಮರೆತುಹೋಯಿತು.

ಅಕ್ಕನ ಮನೆ ಕಂಪಲಾಪುರದಾಚೆಯ ಒಂದು ಹಳ್ಳಿಯಲ್ಲಿ. ವರ್ಜೀನಿಯಾ ಹೊಗೆಸೊಪ್ಪು ಅವರ ಬೆಳೆ. ಸೊಪ್ಪು ಮುರಿಯಲು ಶುರುವಾದರೆ ಬ್ಯಾರನ್‌ನಲ್ಲಿ ರಾತ್ರಿಯೂ ಒಬ್ಬರಿರಬೇಕು. ಕಡ್ಡಿಗೆ ಕಟ್ಟಿ ತೂಗುಹಾಕಿದ ಎಲೆ ಮೊದಲು ಹಳದಿಗೆ ತಿರುಗಬೇಕು, ಆಮೇಲೆ ಒಣಗಬೇಕು, ಕಡೆಗೆ ನರವೂ ಒಣಗಬೇಕು. ಸುಮಾರು 95 ಡಿಗ್ರಿ ಫ್ಯಾರನ್‌ಹೀಟ್‌ನಿಂದ 160ರವರೆಗೆ ಶಾಖವನ್ನು ಹಂತಹಂತವಾಗಿ ಏರಿಸುತ್ತಾ ಹೋಗುವ ಈ ಕೆಲಸಕ್ಕೆ ಒಂದು ವಾರ ಹಿಡಿಯುತ್ತದೆ. ಸೌದೆ ಒಟ್ಟುವವರು ನಿದ್ದೆ ಹೋದರೆ ಎಲೆಯ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಹರಾಜಿನಲ್ಲಿ ಬೆಲೆ ಬಿತ್ತು. ಅಳಿಯನಿಗೆ ಅಲ್ಲಿ ರಾತ್ರಿ ಕಳೆಯಲು ನೆಟ್ ಬೇಕು. ಭಾವನಿಗೆ ಪಡಸಾಲೆಯಲ್ಲೇ ಕೂತು ಬ್ಯಾರನ್ ಬಾಗಿಲು ನೋಡಲು ಕ್ಯಾಮೆರಾ ಬೇಕು. ಇಬ್ಬರ ಆಸೆಯೂ ನ್ಯಾಯವಾದದ್ದೇ.

ಅಳಿಯ ಕೇಬಲ್ಲನ್ನು ಚೆನ್ನಾಗಿಯೇ ಎಳೆದಿದ್ದ. ಅಟ್ಟದ ಮೇಲಿಂದ, ಕೊಟ್ಟಿಗೆಯ ತೊಲೆಗುಂಟ, ಬ್ಯಾರನ್ ಪಕ್ಕದ ಶೆಡ್ಡಿಗೆ. ಈಥರ್‌ನೆಟ್ ಕೇಬಲ್ 100 ಮೀಟರ್ ದಾಟಬಾರದು, ಅವನದು ಅದರೊಳಗೇ ಇತ್ತು. ಶೆಡ್ಡಿನಲ್ಲಿ ಹೊಸ ರೂಟರ್ ಇಟ್ಟು ಅದರ ನೀಲಿ ಕಿಂಡಿಗೆ, ಅಂದರೆ ವ್ಯಾನ್ ಪೋರ್ಟಿಗೆ, ವೈರ್ ಚುಚ್ಚಿದ್ದ. ನೆಟ್ ಬಂತು. ಅಳಿಯನ ಪಾಲಿನ ಕೆಲಸ ಮುಗಿದಿತ್ತು. ಆದರೆ ಪಡಸಾಲೆಯಲ್ಲಿದ್ದ ರೆಕಾರ್ಡರ್‌ಗೆ ಶೆಡ್ಡಿನ ಕ್ಯಾಮೆರಾ ಕಾಣಿಸಲೇ ಇಲ್ಲ.

ಕಾಣುವುದಿಲ್ಲ. ವ್ಯಾನ್ ಪೋರ್ಟಿಗೆ ಚುಚ್ಚಿದರೆ ಹೊಸ ರೂಟರ್ ತನ್ನ ಹಿಂದೆ ಬೇರೆಯೇ ಒಂದು ಮನೆ ಹೂಡುತ್ತದೆ. ಮುಂದಿನ ಡಬ್ಬ 192.168.1ರ ಸಾಲಿನಲ್ಲಿ ವಿಳಾಸ ಕೊಡುತ್ತಿದ್ದರೆ ಇದು 192.168.0ರ ಸಾಲಿನಲ್ಲಿ ಕೊಡುತ್ತದೆ. ಒಳಗಿನವರು ಹೊರಗೆ ಹೋಗಬಹುದು, ಹೊರಗಿನವರು ತಾವಾಗಿ ಒಳಗೆ ಬರುವಂತಿಲ್ಲ. ಬರೀ ಯೂಟ್ಯೂಬ್ ನೋಡುವವರಿಗೆ ಇದರಿಂದ ಏನೂ ತೊಂದರೆಯಿಲ್ಲ. ಬಾಡಿಗೆಯವರಿಗೋ ಹೋಂಸ್ಟೇಗೆ ಬರುವವರಿಗೋ ನೆಟ್ ಕೊಡುವುದಾದರೆ ನಾನೂ ಹೀಗೇ ಕೊಡುತ್ತೇನೆ, ಅವರಿಗೊಂದು ಬೇರೆ ಸಾಲು ಇರಲಿ ಅಂತ. ಕ್ಯಾಮೆರಾ, ಪ್ರಿಂಟರ್ ಇವೆಲ್ಲ ಎರಡೂ ಕಡೆಯಿಂದ ಸಿಗಬೇಕು ಎಂದಾದಾಗ ಮಾತ್ರ ಇದು ಆಗಿಬರುವುದಿಲ್ಲ.

ಅಳಿಯ ಸುಮ್ಮನೆ ಕೂರುವ ಪೈಕಿಯಲ್ಲ. ಯಾವುದೋ ವಿಡಿಯೊ ನೋಡಿ ವೈರನ್ನು ನೀಲಿ ಕಿಂಡಿಯಿಂದ ಕಿತ್ತು ಪಕ್ಕದ ಲ್ಯಾನ್ ಪೋರ್ಟಿಗೆ ಹಾಕಿದ. ಸೆಟ್ಟಿಂಗ್ ಬದಲಿಸುವ ಭಾಗ ಬರುವ ಮೊದಲೇ ವಿಡಿಯೊ ನಿಲ್ಲಿಸಿದ್ದನೇನೋ. ಮಾರನೆಯ ಬೆಳಿಗ್ಗೆ ಭಾವನ ಫೋನು: ‘ಏನಪ್ಪಾ ಇದು, ನನ್ ಫೋನಿಗೆ ಬತ್ತದೆ, ನಿಮ್ಮಕ್ಕನ ಫೋನಿಗೆ ಬರಾಕಿಲ್ಲ. ಒಂದೇ ಮನೇಲಿ ಕಣಪ್ಪ!’

ಹೋಗಿ ನೋಡಿದರೆ ಅಕ್ಕನ ಫೋನಿನಲ್ಲಿ ವೈಫೈ ಪೂರ್ತಿ ಗೆರೆ ತೋರಿಸುತ್ತಿದೆ, ಕೆಳಗೆ ಇಂಟರ್‌ನೆಟ್ ಇಲ್ಲ ಎಂಬ ಸಾಲು. ವೈಫೈ ಹೆಸರಿನ ಮೇಲೆ ಒತ್ತಿ ವಿವರ ತೆರೆದರೆ ವಿಳಾಸ 192.168.0.103. ಭಾವನ ಫೋನಿನಲ್ಲಿ 192.168.1.8. ಅಲ್ಲಿಗೆ ಕಾಯಿಲೆ ತಿಳಿಯಿತು. ಒಂದೇ ಊರಿನಲ್ಲಿ ಎರಡು ಪಂಚಾಯಿತಿಯವರು ಮನೆಮನೆಗೂ ನಂಬರ್ ಬರೆಯುತ್ತಾ ಹೊರಟಂತೆ, ಯಾವ ಫೋನಿಗೆ ಯಾರು ಮೊದಲು ಸಿಕ್ಕರೋ ಅವರ ನಂಬರು. ಹೊಸ ರೂಟರಿನಿಂದ ವಿಳಾಸ ಪಡೆದ ಫೋನುಗಳು ಹೊರಗಿನ ದಾರಿಯನ್ನೂ ಅದನ್ನೇ ಕೇಳುತ್ತವೆ. ಅದರ ನೀಲಿ ಕಿಂಡಿ ಖಾಲಿ, ಅದಕ್ಕೇ ದಾರಿ ಗೊತ್ತಿಲ್ಲ. ಈ ರೋಗದ ಕೆಟ್ಟ ಗುಣವೆಂದರೆ ಬಂದು ಹೋಗುತ್ತಿರುತ್ತದೆ. ಫೋನ್ ಆಫ್ ಮಾಡಿ ಆನ್ ಮಾಡಿದರೆ ಒಮ್ಮೆ ಸರಿಹೋಗುತ್ತದೆ, ಸಂಜೆಗೆ ಇನ್ನೊಬ್ಬರ ಫೋನಿಗೆ ಅಂಟುತ್ತದೆ. ನೆಟ್ ಕಂಪನಿಯವರನ್ನು ಬೈಯುತ್ತಾ ತಿಂಗಳುಗಟ್ಟಲೆ ಹೀಗೇ ದೂಡಿದ ಮನೆಗಳಿವೆ.

ಮದ್ದು ಸುಲಭ, ಆದರೆ ಅನುಕ್ರಮ ಮುಖ್ಯ. ಹೊಸ ರೂಟರನ್ನು ಹಳೆಯದರಿಂದ ಪೂರ್ತಿ ಬಿಡಿಸಿ ಒಂಟಿಯಾಗಿ ಪವರ್ ಕೊಟ್ಟೆ. ಲ್ಯಾಪ್‌ಟಾಪನ್ನು ಅದಕ್ಕೊಂದಕ್ಕೇ ಜೋಡಿಸಿ 192.168.0.1 ತೆರೆದೆ. ಮೊದಲು ವೈಫೈಗೆ ಹೆಸರು, ಪಾಸ್‌ವರ್ಡ್. ಆಮೇಲೆ ಅದರ ಸ್ವಂತ ಲ್ಯಾನ್ ವಿಳಾಸವನ್ನು 192.168.1.2 ಎಂದು ಬದಲಿಸಿದೆ. ಮುಂದಿನ ಡಬ್ಬ ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ ಹಂಚುತ್ತದೆ ಎಂದು ಮೊದಲೇ ನೋಡಿಕೊಂಡಿದ್ದೆ, ಈ 2 ಅದರ ಹೊರಗಿರಬೇಕು. ರೂಟರ್ ಎದ್ದು ಕೂತ ಮೇಲೆ ಹೊಸ ವಿಳಾಸದಲ್ಲಿ ಮತ್ತೆ ಒಳಹೋಗಿ, ಕಟ್ಟಕಡೆಗೆ ಡಿಎಚ್‌ಸಿಪಿ ಆಫ್. ವಿಳಾಸ ಹಂಚುವ ಅಧಿಕಾರದ ಹೆಸರೇ ಡಿಎಚ್‌ಸಿಪಿ. ಇದನ್ನು ಮೊದಲೇ ಆಫ್ ಮಾಡಿದರೆ ಲ್ಯಾಪ್‌ಟಾಪಿಗೆ ವಿಳಾಸ ಕೊಡುವವರಿಲ್ಲದೆ ಮತ್ತೆ ಒಳಹೋಗಲು ಪರದಾಡಬೇಕು. ಇಷ್ಟಾದ ಮೇಲೆ ಲ್ಯಾನಿಂದ ಲ್ಯಾನಿಗೆ ವೈರ್ ಚುಚ್ಚಿದೆ, ನೀಲಿ ಕಿಂಡಿ ಖಾಲಿ ಬಿಟ್ಟೆ. ಕ್ಯಾಮೆರಾ ರೆಕಾರ್ಡರಿನಲ್ಲಿ ಕಾಣಿಸಿತು. ಅಕ್ಕ ಕಾಫಿ ಕೊಟ್ಟು, ‘ಇಷ್ಟೇಯಾ?’ ಅಂದಳು.

ಈಗಿನ ಅನೇಕ ರೂಟರುಗಳಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಎಂಬ ಒಂದು ಆಯ್ಕೆಯೇ ಇದೆ. ಅದನ್ನು ಒತ್ತಿದರೆ ಇದೆಲ್ಲ ತಾನಾಗಿ ಆಗುತ್ತದೆ, ನೀಲಿ ಕಿಂಡಿಯೂ ಬಳಕೆಗೆ ಸಿಗುತ್ತದೆ. ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಆಂಟೆನಾ ಎಣಿಸುವ ಬದಲು ಈ ಮೋಡ್ ಇದೆಯೇ ಎಂದು ನೋಡುವುದು ಲೇಸು. ಚಾನೆಲ್ ವಿಚಾರದಲ್ಲಿ, 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೆ 1 ಕೊಟ್ಟರೆ ಇನ್ನೊಂದಕ್ಕೆ 6 ಅಥವಾ 11 ಕೊಡುತ್ತೇನೆ, ಅವು ಒಂದರ ಮೇಲೊಂದು ಬೀಳುವುದಿಲ್ಲ. 5 ಗಿಗಾಹರ್ಟ್ಸ್ ವೇಗವೇನೋ ಹೌದು, ಮಣ್ಣಿನ ಗೋಡೆಯ ಮುಂದೆ ಅದರ ಆಟ ನಡೆಯುವುದಿಲ್ಲ.

ಕೆ.ಆರ್. ನಗರದಲ್ಲಿ ಚಿಕ್ಕಪ್ಪನ ಮಗನಿಗೆ ಜೆರಾಕ್ಸ್ ಅಂಗಡಿ, ಮೇಲೆ ಮನೆ. ಅಲ್ಲಿಯೂ ಎರಡು ರೂಟರ್ ಜೋಡಿಸಿ ಬಂದಿದ್ದೆ. ಒಂದು ದಿನ ಇದ್ದಕ್ಕಿದ್ದಂತೆ ಅಂಗಡಿಯಲ್ಲೂ ಮನೆಯಲ್ಲೂ ಎಲ್ಲ ಸತ್ತುಹೋಯಿತು. ಪೋರ್ಟಿನ ದೀಪಗಳು ಮಾತ್ರ ಹುಚ್ಚು ಹಿಡಿದ ಹಾಗೆ ಮಿಟುಕುತ್ತಿದ್ದವು. ಕೆಲಸದ ಹುಡುಗ ಎರಡು ರೂಟರಿನ ನಡುವೆ ಇನ್ನೊಂದು ವೈರ್ ಹಾಕಿದ್ದ. ‘ಎರಡು ಹಾಕುದ್ರೆ ಡಬಲ್ ಸ್ಪೀಡ್ ಬತ್ತದೆ ಅಂತ ಅಣ್ಣ’ ಎಂದ. ಒಂದೇ ಸಂದೇಶ ಒಂದು ವೈರಿನಲ್ಲಿ ಹೋಗಿ ಇನ್ನೊಂದರಲ್ಲಿ ಬಂದು, ಸುತ್ತುತ್ತಾ ಸುತ್ತುತ್ತಾ ದಾರಿಯನ್ನೇ ತುಂಬಿಬಿಟ್ಟಿತ್ತು. ಒಂದನ್ನು ಕಿತ್ತ ಕೂಡಲೇ ಎಲ್ಲ ಸರಿಯಾಯಿತು. ಹುಡುಗ ಜಾಣ, ತರ್ಕ ಮಾಡಿಯೇ ಹಾಕಿದ್ದ. ನನಗೆ ನಗು ಬಂತು, ಬೈಯಲು ಮನಸ್ಸಾಗಲಿಲ್ಲ.

ವೈರಿನ ಬಗ್ಗೆ ಇನ್ನೊಂದು ಮಾತು. ಅಗ್ಗದ ಕೇಬಲ್ಲುಗಳಲ್ಲಿ ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟಿರುತ್ತಾರೆ. ಬ್ಲೇಡಿನಿಂದ ಒಂದು ಎಳೆ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಬೇಡ. ಬಾಗಿಸಿದಲ್ಲಿ ಮುರಿಯುತ್ತದೆ, ಉದ್ದ ಎಳೆದಾಗ ಸಂಕೇತ ಸೋರುತ್ತದೆ. ತುದಿಗೆ ಕ್ರಿಂಪ್ ಮಾಡುವಾಗ ಎಂಟೂ ಎಳೆ ಸರಿಯಾಗಿ ಕೂರಬೇಕು. ನಾಲ್ಕೇ ಕೂತರೂ ನೆಟ್ ಬರುತ್ತದೆ, ಆದರೆ 100 ಎಂಬಿಪಿಎಸ್‌ಗೆ ನಿಂತುಬಿಡುತ್ತದೆ. 200ರ ಪ್ಲಾನಿಗೆ ದುಡ್ಡು ಕಟ್ಟಿ 94ರ ಆಸುಪಾಸಿನಲ್ಲೇ ಓಡುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ವೈರಿನ ತುದಿಯನ್ನು.

ಎಚ್.ಡಿ. ಕೋಟೆ ಕಡೆಯದು ಬೇರೆಯೇ ಕಥೆ. ಅಂತರಸಂತೆ ದಾರಿಯಲ್ಲಿ ಗೆಳೆಯನ ತೋಟ. ಹಳೆಯ ಮನೆಗೂ ಹೊಸ ಮನೆಗೂ ನಡುವೆ ಬಯಲು, ಮೇಲೆ ಕಂಬದಿಂದ ಕಂಬಕ್ಕೆ ಈಥರ್‌ನೆಟ್ ಕೇಬಲ್. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಆ ಕಾಡಂಚಿನಲ್ಲಿ ಹೇಗೆ ಬರುತ್ತದೆಂದು ನೋಡಿದವರಿಗೇ ಗೊತ್ತು. ಸಿಡಿಲು ಮನೆಗೇ ಬಡಿಯಬೇಕೆಂದಿಲ್ಲ. ಹತ್ತಿರದಲ್ಲೆಲ್ಲೋ ಬಡಿದರೂ ಬಯಲಿನ ತಾಮ್ರದಲ್ಲಿ ವಿದ್ಯುತ್ ನುಗ್ಗಿ ಎರಡೂ ತುದಿಯ ಪೋರ್ಟುಗಳನ್ನು ಸುಡುತ್ತದೆ. ಕರೆಂಟಿನ ಪ್ಲಗ್ ಕಿತ್ತಿಟ್ಟರೂ ಈ ವೈರನ್ನು ಕೀಳುವುದು ಯಾರಿಗೂ ನೆನಪಾಗುವುದಿಲ್ಲ. ಅವನ ರೂಟರು ಹಾಗೆ ಹೋದ ಮೇಲೆ ಎರಡು ಮನೆಗಳ ನಡುವೆ ಫೈಬರನ್ನೇ ಎಳೆಸಿದೆವು, ಎರಡೂ ಕಡೆ ಒಂದೊಂದು ಮೀಡಿಯಾ ಕನ್ವರ್ಟರ್ ಇಟ್ಟು. ಅವು ಜೋಡಿಯಲ್ಲೇ ಬರಬೇಕು. ಒಂದು 1310 ನ್ಯಾನೋಮೀಟರಿನಲ್ಲಿ ಕಳಿಸಿದರೆ ಇನ್ನೊಂದು 1550ರಲ್ಲಿ ಕಳಿಸುತ್ತದೆ, ಅದಕ್ಕೇ ಒಂದೇ ಎಳೆಯಲ್ಲಿ ಹೋಗುವುದೂ ಬರುವುದೂ ನಡೆಯುತ್ತದೆ. ಒಂದೇ ಜಾತಿಯ ಎರಡು ತಂದರೆ ಮಾತಾಡಿಕೊಳ್ಳುವುದೇ ಇಲ್ಲ. ಗಾಜಿನಲ್ಲಿ ಕರೆಂಟು ಹರಿಯುವುದಿಲ್ಲ ನಿಜ, ಆದರೆ ಕಂಬಕ್ಕೆ ಕಟ್ಟುವ ಫೈಬರಿನ ಮಗ್ಗುಲಲ್ಲಿ ಬಲಕ್ಕೆಂದು ಒಂದು ಸ್ಟೀಲ್ ತಂತಿ ಇರುತ್ತದೆ. ಅದನ್ನು ಮನೆಯ ಹೊರಗೇ ಕತ್ತರಿಸಿ ಬಿಡಬೇಕು. ಎಳೆಯಲು ಬಂದವರು ಕತ್ತರಿಸಿದರೋ ಇಲ್ಲವೋ ಎಂದು ನಿಂತು ನೋಡುವುದು ಒಳ್ಳೆಯದು.

ನನ್ನ ಮನೆಯಲ್ಲಿ ಮೂರನೆಯ ದಾರಿ. ಕಂಪನಿಯ ಡಬ್ಬವನ್ನು ಬ್ರಿಜ್ ಮೋಡಿಗೆ ಹಾಕಿಸಿದ್ದೇನೆ. ಅದೀಗ ಬೆಳಕನ್ನು ಬದಲಿಸುವ ಕೆಲಸ ಮಾತ್ರ ಮಾಡುತ್ತದೆ. ಯೂಸರ್‌ನೇಮು, ಪಾಸ್‌ವರ್ಡು, ವಿಳಾಸ ಹಂಚಿಕೆ, ವೈಫೈ ಎಲ್ಲ ನನ್ನ ರೂಟರಿನದು. ಮಕ್ಕಳ ಫೋನಿಗೆ ರಾತ್ರಿ ನೆಟ್ ನಿಲ್ಲಿಸುವುದೂ ನನ್ನ ಕೈಯಲ್ಲೇ ಇದೆ. ನೆಂಟರಿಗೆ ಇದನ್ನು ಹೇಳುವುದಿಲ್ಲ. ಏನಾದರೂ ಕೆಟ್ಟಾಗ ಕಂಪನಿಯ ಹುಡುಗ ಡಬ್ಬ ಬದಲಿಸಿ ಮಾಮೂಲಿ ಮೋಡಿಗೆ ತಂದು ಹೋಗಿರುತ್ತಾನೆ, ಆಗ ಮತ್ತೆ ಸರಿಪಡಿಸಲು ಮನೆಯಲ್ಲಿ ತಿಳಿದವರು ಬೇಕು. ಬ್ರಿಜ್ ಮಾಡಿದರೆ ದೂರದಿಂದ ಕ್ಯಾಮೆರಾ ನೋಡಬಹುದೆಂಬ ನಂಬಿಕೆಯೂ ಇದೆ. ಆದರೆ ಕಂಪನಿಯು ಕೊಡುವ ವಿಳಾಸ 100.64ರಿಂದ 100.127ರ ನಡುವೆ ಶುರುವಾಗಿದ್ದರೆ ಅದು ನಮ್ಮೊಬ್ಬರದಲ್ಲ, ಅನೇಕ ಮನೆಗಳು ಸೇರಿ ಒಂದೇ ಹೊರ ವಿಳಾಸ ಬಳಸುತ್ತಿವೆ ಎಂದರ್ಥ. ಹೊರಗಿನಿಂದ ನೇರವಾಗಿ ಒಳಬರಲು ಅಲ್ಲಿ ಬಾಗಿಲೇ ಇಲ್ಲ. ಕ್ಯಾಮೆರಾ ಕಂಪನಿಯ ಆ್ಯಪ್ ಮೂಲಕ ನೋಡುವುದೇ ದಾರಿ.

ಜೋಡಿಸಿ ಬಂದ ಪ್ರತಿ ರೂಟರಿನ ಬೆನ್ನಿಗೂ ಈಗ ಒಂದು ಚೀಟಿ ಅಂಟಿಸುತ್ತೇನೆ. ಅದರ ಹೊಸ ವಿಳಾಸ, ಅಡ್ಮಿನ್ ಪಾಸ್‌ವರ್ಡ್, ‘ನೀಲಿ ಕಿಂಡಿಗೆ ಏನೂ ಹಾಕಬೇಡಿ’ ಎಂಬ ಒಂದು ಸಾಲು. ಜೊತೆಗೆ ರೀಸೆಟ್ ತೂತಿನ ಮೇಲೆ ಟೇಪು. ನೆಟ್ ನಿಂತರೆ ಹೇರ್‌ಪಿನ್ನಿನಿಂದ ಅದನ್ನು ಚುಚ್ಚುವ ಅಭ್ಯಾಸ ನಮ್ಮ ಕಡೆ ಎಲ್ಲರಿಗೂ ಇದೆ. ಚುಚ್ಚಿದರೆ ಎರಡನೆಯ ರೂಟರ್ ಹುಟ್ಟುಗುಣಕ್ಕೆ ಮರಳಿ ತಾನೂ ವಿಳಾಸ ಹಂಚಲು ಕೂರುತ್ತದೆ. ಮೊದಲು ಮುಂದಿನ ಡಬ್ಬದಲ್ಲಿ ಎಲ್‌ಓಎಸ್ ಎಂಬ ದೀಪ ಕೆಂಪಗಿದೆಯೇ ನೋಡಿ, ಕೆಂಪಗಿದ್ದರೆ ಫೈಬರ್ ಹೋಗಿದೆ, ಕಂಪನಿಯವರಿಗೆ ಫೋನ್ ಮಾಡಿ ಎಂದು ಭಾವನಿಗೆ ಹೇಳಿಕೊಟ್ಟಿದ್ದೇನೆ. ಈಗ ಅವರು ಫೋನ್ ಮಾಡಿದ ಕೂಡಲೇ, ‘ಕೆಂಪು ದೀಪ ಉರೀತಾ ಇದೆ ಕಣಪ್ಪ, ಯಾವಾಗ ಬತ್ತೀಯ?’ ಎನ್ನುತ್ತಾರೆ.